ಏಳಕ್ಕೆ ಏಳು

"ಚೆನ್ನಾಗಿದೆ. ತುಂಬಾನೇ ಚೆನ್ನಾಗಿದೆ. ಫ್ರೇಮ್ ಹಾಕ್ಸಿ ಗೋಡೆಗೆ ನೇತು ಹಾಕ್ಬಹುದು. ಆದ್ರೆ ಇದನ್ನ ನಂಬ್ಕೊಂಡು ನನ್ನ ನಾಯೀನೂ ಸರೋವರದ ಮೇಲೆ ಬಿಡಲ್ಲ ನಾನು."

ಗಾಜಿನ ಈಚೆ ಕುಳಿತಿದ್ದ ಐಲಿ ಕೋಸ್ಕೆಲಾಳ ಕೈಯಲ್ಲಿದ್ದ ಪೆನ್ಸಿಲ್ ಅಲ್ಲೇ ನಿಂತುಬಿಟ್ಟಿತು.

ಅವಳಿಗೆ ಅವನು ಕಾಣುತ್ತಿದ್ದ. ಅವನಿಗೆ ಅವಳು ಕಾಣುತ್ತಿರಲಿಲ್ಲ. ಡುಲೂತ್ ಊರಿನ ಆ ಸಂಶೋಧನಾ ಕೇಂದ್ರದಲ್ಲಿ ಚಿತ್ರಗಳ ಪರೀಕ್ಷೆ ನಡೆಯುವುದೇ ಹಾಗೆ. ನೋಡಲು ಬಂದವರು ಪರದೆಯ ಮುಂದೆ ಕುಳಿತು, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗಬೇಕು. ಚಿತ್ರ ಮಾಡಿದವರು ಗಾಜಿನ ಹಿಂದೆ ಬಾಯಿ ಮುಚ್ಚಿಕೊಂಡು ಕೇಳಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ಲವೇ, ಮಧ್ಯೆ ಬಾಯಿ ಹಾಕಿ ತಮ್ಮ ಕೂಸನ್ನು ಹೊಗಳಿಕೊಳ್ಳಬಾರದೆಂದು ಈ ನಿಯಮ.

ಪರದೆಯ ಮುಂದಿದ್ದವನು ವೆಂಡೆಲ್ ಥಿಬೋ. ಸುಪೀರಿಯರ್ ಸರೋವರದ ಹೆರನ್ ದ್ವೀಪದವನು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದ ಮೇಲೆ ದ್ವೀಪದಿಂದ ದಡಕ್ಕೆ ಎರಡು ಮೈಲಿ ಮಂಜುಗಡ್ಡೆಯೇ ರಸ್ತೆ. ದಿನಾ ಬೆಳಿಗ್ಗೆ ಹನ್ನೊಂದು ಮಕ್ಕಳು ವ್ಯಾನಿನಲ್ಲಿ ಅದರ ಮೇಲೆಯೇ ಶಾಲೆಗೆ ಹೋಗುತ್ತಾರೆ. ಅವರಿಗಿಂತ ಮೊದಲು ಎದ್ದು, ದಾರಿಯುದ್ದಕ್ಕೂ ತೂತು ಕೊರೆದು, ಎಲ್ಲೆಲ್ಲಿ ಎಷ್ಟು ಅಂಗುಲ ದಪ್ಪವಿದೆ ಎಂದು ಅಳೆಯುವುದು ವೆಂಡೆಲ್‌ನ ಕೆಲಸ.

ಆ ಅಳತೆಗಳನ್ನೇ ಐಲಿ ಒಂದು ಹೂವಿನ ಚಿತ್ರವಾಗಿ ಮಾಡಿದ್ದಳು. ಎಸಳಿನ ಉದ್ದ ಎಂದರೆ ಮಂಜುಗಡ್ಡೆಯ ದಪ್ಪ, ಬಣ್ಣ ಎಂದರೆ ಚಳಿ, ಅಂಚಿನ ಅಲೆ ಎಂದರೆ ಗಾಳಿ, ಒಳಗಿನ ಸಣ್ಣ ಗೆರೆಗಳು ಎಂದರೆ ಬಿರುಕು. ಆ ಹೂವಿಗೆ ಚಿಕಾಗೋದಲ್ಲಿ ಪ್ರಶಸ್ತಿ ಬಂದಿತ್ತು.

"ಈ ಚಿತ್ರದ ಪ್ರಕಾರ ದಾರೀಲಿ ಎಲ್ಲಿ ತೆಳು ಇದೆ, ತೋರಿಸ್ತೀರಾ?" ಎಂದು ಕೇಳಿದಳು ಪರೀಕ್ಷೆ ನಡೆಸುವ ಡಾರ್ಲೀನ್.

ವೆಂಡೆಲ್ ನಾಲ್ಕು ನಿಮಿಷ ಹುಡುಕಿದ. ಬೆರಳು ಎಸಳಿನಿಂದ ಎಸಳಿಗೆ ಹೋಯಿತು, ಮತ್ತೆ ಹಿಂದಕ್ಕೆ ಬಂತು. ಕೊನೆಗೆ ಕೈ ತೊಡೆಯ ಮೇಲಿಟ್ಟುಕೊಂಡ.

"ಇದನ್ನ ಮಾಡಿದೋರ ಮನೇಲಿ ಮಾತಾಡೋರು ಯಾರೂ ಇಲ್ಲ ಅನ್ಸುತ್ತೆ."

"ಯಾಕೆ ಹಾಗಂತೀರಿ?"

"ಸಂಜೆ ಮನೆಗೆ ಹೋಗಿ ಹೇಳ್ಕೊಳೋಕೆ ಯಾರಾದ್ರೂ ಇದ್ದಿದ್ರೆ, ಇಷ್ಟನ್ನೂ ಒಂದೇ ಚಿತ್ರದಲ್ಲಿ ತುಂಬ್ತಿರ್ಲಿಲ್ಲ."

ಐಲಿಗೆ ಕಿವಿ ಬಿಸಿಯಾಯಿತು. ಸಿಟ್ಟು ಬಂತು ಎಂದುಕೊಂಡಳು. ಸಿಟ್ಟಲ್ಲ ಎಂದು ಅವಳಿಗೇ ಗೊತ್ತಾಗಲು ಅರೆ ನಿಮಿಷ ಬೇಕಾಯಿತು... ಎರಡು ಕೋಣೆಯ ಆ ಮನೆ, ಮೇಜಿನ ಮೇಲೆ ಒಂದೇ ಬಟ್ಟಲು, ಶನಿವಾರ ಬೆಳಿಗ್ಗೆಯಿಂದ ಸೋಮವಾರದವರೆಗೆ ಯಾರೊಂದಿಗೂ ಒಂದು ಮಾತೂ ಆಡದೆ ಕಳೆಯುವ ದಿನಗಳು. ಮೂರು ವರ್ಷದ ಹಿಂದೆ ಗಂಡ ಒರೆಗಾನ್‌ಗೆ ಹೊರಟುಹೋದ ಮೇಲೆ ಅವಳು ಮಾಡಿದ ಒಂದೊಂದು ಚಿತ್ರವೂ ಹಿಂದಿನದಕ್ಕಿಂತ ಅಂದವಾಗಿತ್ತು, ಹಿಂದಿನದಕ್ಕಿಂತ ಗೋಜಲಾಗಿತ್ತು. ಎಲ್ಲರೂ ಹೊಗಳಿದ್ದರು. ಯಾರೂ ಓದಿರಲಿಲ್ಲ.

ನಿಯಮ ಮುರಿದು ಅವಳು ಬಾಗಿಲು ತೆಗೆದು ಒಳಗೆ ಹೋದಳು. ಡಾರ್ಲೀನ್ ಹಣೆಗೆ ಕೈ ಹಚ್ಚಿಕೊಂಡಳು.

"ನಾನೇ ಮಾಡಿದ್ದು."

ವೆಂಡೆಲ್ ಗಾಬರಿಯಿಂದ ಎದ್ದು ನಿಂತು ಟೋಪಿ ತೆಗೆದ. ನಲವತ್ತರ ಆಸುಪಾಸಿನ, ಗಾಳಿಗೆ ಕಪ್ಪಿಟ್ಟ ಮುಖದ ಎತ್ತರದ ಮನುಷ್ಯ.

"ನೀವು ಹೇಳಿದ್ದು ಸರಿ," ಎಂದಳು ಐಲಿ.

"ಯಾವ್ದು? ಚಿತ್ರದ ವಿಷಯಾನಾ, ಮನೆ ವಿಷಯಾನಾ?"

"ಎರಡೂ."

* * *

ಯಥಾರ್ಥವಾದಿ ಲೋಕವಿರೋಧಿ ಎನ್ನುತ್ತಾರೆ. ಐಲಿಗೆ ಮಾತ್ರ ಆ ಯಥಾರ್ಥವಾದಿಯೇ ಬೇಕಾಗಿದ್ದ.

ಅಳತೆಗಳನ್ನು ದಿನಾ ಬೆಳಿಗ್ಗೆ ಏಳು ಗಂಟೆಗೆ ಅವನು ಫೋನಿನಲ್ಲಿ ಹೇಳುವುದೆಂದು ಮಾತಾಯಿತು. ಅವಳು ಅವನ್ನು ಬರೆದುಕೊಂಡು ಹೊಸ ಚಿತ್ರ ಮಾಡುತ್ತಿದ್ದಳು.

"ಬರ್ನಡೆಟ್ ಮರದ ಹತ್ರ ಹದಿನಾಲ್ಕು ಅಂಗುಲ. ಪಾದ್ರಿ ಮರದ ಹತ್ರ ಹದಿಮೂರು. ಲಿಂಡ್‌ಕ್ವಿಸ್ಟ್ ಮರದ ಹತ್ರ ಒಂಬತ್ತೂವರೆ, ಅಲ್ಲಿ ಹುಷಾರು."

"ಸರೋವರದಲ್ಲಿ ಮರ ಎಲ್ಲಿಂದ ಬಂತು?"

"ಕ್ರಿಸ್‌ಮಸ್ ಮುಗಿದ್ಮೇಲೆ ಎಲ್ರೂ ತಮ್ಮನೆ ಮರ ತಂದು ಕೊಡ್ತಾರೆ. ತೂತು ಕೊರ್ದು ದಾರಿ ಪಕ್ಕ ನೆಡ್ತೀವಿ. ಹಿಮ ಬಿದ್ದು ದಾರಿ ಕಾಣ್ದೇ ಇದ್ರೂ ಮರ ಕಾಣುತ್ತಲ್ಲ. ಯಾರ ಮನೇದೋ ಅವ್ರ ಹೆಸ್ರೇ ಅದಕ್ಕೆ."

"ಮೈಲಿ ಲೆಕ್ಕದಲ್ಲಿ ಹೇಳಿದ್ರೆ ನನಗೆ ಸುಲಭ."

"ನಮ್ಮೂರಲ್ಲಿ ಮೈಲಿ ಲೆಕ್ಕ ಯಾರೂ ಹೇಳಲ್ಲ ಕಣ್ರೀ."

ಅವಳು ಮರದ ಹೆಸರುಗಳನ್ನು ಪುಸ್ತಕದ ಅಂಚಿಗೆ ತಳ್ಳಿ, ಮೈಲಿಗಳನ್ನು ನೀಟಾಗಿ ಗೆರೆ ಎಳೆದು ಬರೆದಿಟ್ಟಳು. ಓದು ಹೆಚ್ಚಾದವರು ಮಾಡುವ ತಪ್ಪು ಇದು. ಆಗ ಅವಳಿಗೆ ಅದು ತಪ್ಪೆಂದು ಹೊಳೆಯಲಿಲ್ಲ.

ಐದು ನಿಮಿಷದ ಫೋನು ಇಪ್ಪತ್ತು ನಿಮಿಷಕ್ಕೆ ಬೆಳೆಯಿತು. ಅಳತೆ ಮುಗಿದ ಮೇಲೆ ಅವನು ಕಾಫಿ ಕುಡಿಯುವ ಸದ್ದು ಅವಳಿಗೆ ಕೇಳುತ್ತಿತ್ತು. ತಾನೂ ಒಂಟಿ ಎಂದು ಅವನು ಒಂದು ದಿನ ಹೇಳಿದ. ಮದುವೆಯಾಗಬೇಕಿದ್ದವಳು ಒಂದು ಚಳಿಗಾಲ ದ್ವೀಪದಲ್ಲಿದ್ದು, ಮಂಜು ಕರಗಿದ ಮೇಲೆ ಬಂದ ಮೊದಲ ದೋಣಿಗೇ ಹೊರಟುಹೋಗಿದ್ದಳಂತೆ.

"ಅವಳನ್ನ ಬೈಕೊಳ್ತೀರಾ?"

"ಇಲ್ಲ. ಇಲ್ಲಿ ತುಂಬಾ ಚೆನ್ನಾಗಿದೆ ಬಾ ಬಾ ಅಂತ ಕರ್ಕೊಂಡು ಬಂದಿದ್ದು ನಾನೇ."

ಯಾವ ದಿನ 'ನೀವು' ಹೋಗಿ 'ನೀನು' ಬಂತೋ ಇಬ್ಬರೂ ಗಮನಿಸಲಿಲ್ಲ. ಗಮನಿಸಿದವಳು ಡಾರ್ಲೀನ್.

"ಮಂಜುಗಡ್ಡೆ ಎಷ್ಟು ದಪ್ಪ ಆಯ್ತಂತೆ ಇವತ್ತು? ಕೆನ್ನೆ ಕೆಂಪಾಗೋಷ್ಟಾ?" ಎಂದು ಕೆಣಕಿದಳು.

"ಸುಮ್ನಿರು ಡಾರ್ಲೀನ್."

ಆರು ವಾರ ಕುಳಿತು ಐಲಿ ಹೊಸ ಚಿತ್ರ ಮುಗಿಸಿದಳು. ಹೂವು ಹೋಗಿ ಒಂದು ರಿಬ್ಬನ್ ಬಂದಿತ್ತು. ಕಡು ನೀಲಿಯಿಂದ ತಿಳಿ ನೀಲಿಗೆ, ತಿಳಿ ನೀಲಿಯಿಂದ ಹಾಲುಬಿಳಿಗೆ ಹರಿಯುವ ರಿಬ್ಬನ್. ಬಿಳುಪಾದಷ್ಟೂ ದಪ್ಪ ಎಂದು ಲೆಕ್ಕ. ಸರಳವಾಗಿಯೂ ಇತ್ತು, ನೋಡಿದರೆ ಕಣ್ಣು ತಂಪಾಗುವ ಹಾಗೂ ಇತ್ತು.

"ವೆಂಡೆಲ್‌ನನ್ನೇ ಮೊದಲು ಕೂರಿಸೋಣ," ಎಂದಳು.

"ಬೇಡ ಕಣೇ. ಅವ್ನು ಈಗ ಹೊರಗಿನೋನಲ್ಲ. ನಿನ್ನ ಮುಖ ನೋಡಿ ಉತ್ತರ ಕೊಡ್ತಾನೆ."

"ಅವನಾ? ಅವನ ಬಾಯಲ್ಲಿ ಸುಳ್ಳು ಬರಲ್ಲ."

ಇಪ್ಪತ್ತು ವರ್ಷ ಆ ಕುರ್ಚಿಯ ಪಕ್ಕ ಕುಳಿತವಳು ಡಾರ್ಲೀನ್. ಅಂದವಾದದ್ದನ್ನು ಕಂಡರೆ ಜನಕ್ಕೆ ಅದು ಸುಲಭ ಎಂದೇ ಅನ್ನಿಸುತ್ತದೆ, ತಪ್ಪು ಉತ್ತರ ಕೊಟ್ಟು ಎದ್ದುಹೋಗುವಾಗಲೂ "ಬಹಳ ಸುಲಭ" ಎಂದು ಬರೆದು ನಗುತ್ತಾ ಹೋಗುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ ಪರೀಕ್ಷೆ. ಅವನು ಏನನ್ನುತ್ತಾನೋ ಎಂಬ ಅಳುಕಿಗೆ ಐಲಿ ಬೇಕೆಂದೇ ಗಾಜಿನ ಹಿಂದೆ ಕೂರಲಿಲ್ಲ. ಪರೀಕ್ಷೆ ಮುಗಿಸಿದ ವೆಂಡೆಲ್ ದ್ವೀಪ ಸೇರಲು ಅವಸರದಲ್ಲಿ ಹೊರಟ. ಕೈಬೀಸುವಾಗ ಅವಳ ಕಣ್ಣು ತಪ್ಪಿಸಿದ. ನಾಚಿಕೆ ಇರಬೇಕು ಎಂದುಕೊಂಡಳು, ಪಾಪ.

ಅವನು ತುಂಬಿದ ಹಾಳೆ ಮೇಜಿನ ಮೇಲಿತ್ತು. 'ಈ ಚಿತ್ರ ಎಷ್ಟು ಸುಲಭ?' ಎಂಬ ಪ್ರಶ್ನೆಗೆ ಏಳಕ್ಕೆ ಏಳು.

ಐಲಿ ಆ ಅಂಕಿಯ ಮೇಲೆ ಬೆರಳಾಡಿಸಿದಳು. 'ಕೊನೆಗೂ ನನ್ನನ್ನು ಒಬ್ಬ ಓದಿದ...' ಎಂದುಕೊಂಡಳು. ಸೋಮವಾರ ಆ ಚಿತ್ರ ದ್ವೀಪದ ಎಲ್ಲರ ಫೋನಿಗೂ ಹೋಗಬೇಕಿತ್ತು. ಶಾಲೆಯ ವ್ಯಾನಿನವನೂ ಅದನ್ನೇ ನೋಡಿ ಹೊರಡಬೇಕಿತ್ತು.

* * *

ಭಾನುವಾರ ಮನೆಯಲ್ಲಿ ಕೂರಲು ಬೇಸರವಾಗಿ ಅವಳು ಕೇಂದ್ರಕ್ಕೆ ಹೋದಳು. ಅವನ ದನಿ ಕೇಳುವ ಆಸೆಗೇ ಪರೀಕ್ಷೆಯ ವಿಡಿಯೋ ಹಾಕಿದಳು. ಇದನ್ನು ಅವಳು ಯಾರ ಮುಂದೆಯೂ ಒಪ್ಪಿಕೊಳ್ಳಲಾರಳು.

ಪರದೆಯ ಮೇಲೆ ಹಿಂದಿನ ಯಾವುದೋ ಚಳಿಗಾಲದ ಅಳತೆಗಳಿದ್ದವು. ವೆಂಡೆಲ್ ರಿಬ್ಬನ್ನನ್ನು ನೋಡಿದ. ಹುಬ್ಬು ಗಂಟಿಕ್ಕಿತು. ಒಂದು ನಿಮಿಷ. ಎರಡು ನಿಮಿಷ...

"ಬಿಳೀ ಇರೋದು ಇಲ್ಲಿ. ಹಾಗಾದ್ರೆ ತೆಳು ಇಲ್ಲೇ ಇರ್ಬೇಕು," ಎಂದು ದಡದ ಕಡೆಯ ತುದಿ ತೋರಿಸಿದ.

ತಪ್ಪು! ಅತ್ಯಂತ ದಪ್ಪವಾಗಿದ್ದ ಜಾಗ ಅದು. ಸರಿ ಉತ್ತರ ಐಲಿಯ ಬಳಿ ಮಾತ್ರ ಇದ್ದುದರಿಂದ ಡಾರ್ಲೀನ್‌ಗೂ ಅದು ಗೊತ್ತಾಗಿರಲಿಲ್ಲ.

ಐಲಿ ಎದ್ದು ನಿಂತಳು. ಸರೋವರದ ಮೇಲೆ ಬದುಕುವವರ ಕಣ್ಣಿಗೆ ಕಪ್ಪು ಮಂಜುಗಡ್ಡೆ ಎಂದರೆ ಗಟ್ಟಿ, ಬಿಳಿ ಎಂದರೆ ಹಿಮ ಬೆರೆತದ್ದು, ನಂಬಬಾರದ್ದು. ಅಂದ ಕಾಣಲಿ ಎಂದು ಅವಳು ಬಣ್ಣವನ್ನು ತಲೆಕೆಳಗು ಮಾಡಿದ್ದಳು. ಹನ್ನೊಂದು ಮಕ್ಕಳ ವ್ಯಾನು ಗಟ್ಟಿ ಜಾಗವನ್ನು ಬಿಟ್ಟು ಬಳಸಿಕೊಂಡು ಹೋಗಿ, ತೆಳುವಿನ ಮೇಲೆ ನೆಟ್ಟಗೆ ಹತ್ತುತ್ತಿತ್ತು.

ವಿಡಿಯೋ ಇನ್ನೂ ಮುಗಿದಿರಲಿಲ್ಲ. ಡಾರ್ಲೀನ್ ಹಾಳೆ ಕೊಟ್ಟು ಹೊರಗೆ ಹೋಗಿದ್ದಳು. ವೆಂಡೆಲ್ ಒಬ್ಬನೇ ಇದ್ದ. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ.

"ನಂಗೇನೂ ತಿಳೀಲಿಲ್ಲ ಇದು," ಎಂದ ತನಗೆ ತಾನೇ. "ಆದ್ರೆ ಅವ್ಳು... ಆರು ವಾರ ನಿದ್ದೆಗೆಟ್ಟಿದಾಳೆ. ಹೇಗೆ ಹೇಳ್ಲಿ?"

ಏಳರ ಸುತ್ತ ಸೊನ್ನೆ ಸುತ್ತಿದ.

ಆ ಒಂದು ಮಾತಿನಲ್ಲಿ ಅವಳಿಗೆ ಬೇಕಾಗಿದ್ದೂ ಇತ್ತು, ಅವಳನ್ನು ಕೊಲ್ಲುವುದೂ ಇತ್ತು. ಅವಳು ಫೋನ್ ತೆಗೆದುಕೊಂಡಳು.

"ನಿನಗೆ ತಿಳಿಯಲಿಲ್ಲ. ಆದ್ರೂ ಏಳು ಹಾಕಿದೆ."

ಆ ಕಡೆ ಕಾಫಿ ಬಟ್ಟಲು ಕೆಳಗಿಟ್ಟ ಸದ್ದು ಕೇಳಿಸಿತು.

"ನಿನ್ನ ಮುಖ ನೆನಪಾಯ್ತು, ಐಲಿ."

"ಮುಖ ನೋಡಿ ಮಾತಾಡೋರು ನನಗೆ ಬೇಕಾದಷ್ಟು ಜನ ಇದಾರೆ ವೆಂಡೆಲ್. ಪ್ರಶಸ್ತಿ ಕೊಟ್ಟೋರು ಇದಾರೆ. ಹೋಗೋ ಹಿಂದಿನ ದಿನದವರೆಗೂ ಎಲ್ಲಾ ಚೆನ್ನಾಗಿದೆ ಅಂತಿದ್ದ ಗಂಡ ಇದ್ದ. ನಿಜ ಹೇಳೋನು ಅಂತ ನನಗೆ ಇದ್ದಿದ್ದು ನೀನೊಬ್ಬ."

"ತಪ್ಪಾಯ್ತು."

"ನಾಳೆ ಆ ವ್ಯಾನು ಹೋಗ್ತಿತ್ತು."

"ನಾನಿರ್ತಿದ್ನಲ್ಲ, ಹೋಗೋಕೆ ಬಿಡ್ತಿರ್ಲಿಲ್ಲ..."

"ನೀನು ಯಾವಾಗ್ಲೂ ಇರಲ್ಲ. ಅದಕ್ಕೇ ಅಲ್ವಾ ಚಿತ್ರ ಬೇಕಾಗಿರೋದು?"

ಅವಳು ಫೋನ್ ಇಟ್ಟಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ರಿಬ್ಬನ್ನನ್ನು ಸೋಮವಾರದ ಪಟ್ಟಿಯಿಂದ ತೆಗೆದುಹಾಕಿದಳು. ಆಮೇಲೆ ಆ ಖಾಲಿ ಕೇಂದ್ರದಲ್ಲಿ, ಯಾರಿಗೂ ಕಾಣದ ಗಾಜಿನ ಹಿಂದೆ ಕುಳಿತು ಅತ್ತಳು.

* * *

ಮರುದಿನದಿಂದ ಫೋನು ಬರಲಿಲ್ಲ. ಏಳು ಗಂಟೆಗೆ ಸರಿಯಾಗಿ ಒಂದು ಸಂದೇಶ ಬರುತ್ತಿತ್ತು, ಅಷ್ಟೇ.

'0.2 ಮೈಲಿ, 15. 0.6 ಮೈಲಿ, 14. 1.7 ಮೈಲಿ, 10.'

ಅವಳು ಕೇಳಿದ್ದ ಹಾಗೆಯೇ, ಮೈಲಿ ಲೆಕ್ಕದಲ್ಲಿ. ಹೆಚ್ಚಿಗೆ ಒಂದು ಅಕ್ಷರವಿಲ್ಲ.

ಒಂಟಿತನ ಐಲಿಗೆ ಹೊಸದಲ್ಲ. ಆದರೆ ಇದು ಬೇರೆ. ಮೊದಲು ಮನೆ ಖಾಲಿ ಇತ್ತು. ಈಗ ಅಲ್ಲಿ ಒಬ್ಬ ಇಲ್ಲ. ಕಾಫಿ ಮಾಡಿಕೊಂಡು ಫೋನಿನ ಪಕ್ಕ ಕೂರುವ ಅಭ್ಯಾಸ ಬಿಡಲಾಗಲಿಲ್ಲ. ಸಂದೇಶ ಓದಿ, ಆರಿಹೋದ ಕಾಫಿಯನ್ನು ಚೆಲ್ಲುತ್ತಿದ್ದಳು. ಒಂದು ಭಾನುವಾರ ಅಂಗಡಿಯಲ್ಲಿ ಮೊಟ್ಟೆ ಕೊಳ್ಳುವಾಗ "ಥ್ಯಾಂಕ್ಸ್" ಎಂದಾಗ ದನಿ ಗೊಗ್ಗರಾಗಿ ಹೊರಟಿತು. ಎರಡು ದಿನದಿಂದ ಮಾತಾಡಿರಲಿಲ್ಲ ಎಂದು ಆಗ ನೆನಪಾಯಿತು.

ಮೂರನೇ ವಾರ, ಒಂದು ಬೆಳಿಗ್ಗೆ, '1.7 ಮೈಲಿ, 9' ಎಂಬುದನ್ನು ನೋಡುತ್ತಾ ಕುಳಿತಿದ್ದಳು. 1.7 ಎಂದರೆ ಎಲ್ಲಿ? ಕಣ್ಣಿಗೆ ಏನೂ ಬರಲಿಲ್ಲ. ಅವಳು ಹಳೆಯ ಪುಸ್ತಕ ತೆಗೆದಳು. ಅಂಚಿನಲ್ಲಿ ತನ್ನದೇ ಅವಸರದ ಅಕ್ಷರ: ಲಿಂಡ್‌ಕ್ವಿಸ್ಟ್ ಮರ. ಕೂಡಲೇ ಅವನ ದನಿಯೇ ಕೇಳಿದ ಹಾಗಾಯಿತು. 'ಅಲ್ಲಿ ಹುಷಾರು.'

ಐಲಿ ಹಾಗೇ ಕುಳಿತಳು. ದ್ವೀಪದ ಜನ ದಿನವೂ ಆಡುವ ಮಾತನ್ನು ತಾನು ಕಸವೆಂದು ಅಂಚಿಗೆ ಗುಡಿಸಿ, ಯಾರೂ ಆಡದ ಮಾತಿಗೆ ಆರು ವಾರ ಬಣ್ಣ ಬಳಿದಿದ್ದಳು.

ಅಂದು ಸಂಜೆಯೊಳಗೆ ಹೊಸ ಚಿತ್ರ ಮುಗಿಯಿತು. ಒಂದು ಕಪ್ಪು ಗೆರೆ. ಗೆರೆಯ ಮೇಲೆ ಮರಗಳ ಸಾಲು. ಪ್ರತಿ ಮರದ ಕೆಳಗೆ ಮನೆಯ ಹೆಸರು, ಅದರ ಕೆಳಗೆ ದೊಡ್ಡದಾಗಿ ಅಂಗುಲ. ತೆಳುವಿದ್ದ ಕಡೆ ಅಂಕಿಗೆ ಒಂದು ದಪ್ಪ ಚೌಕ. ಬಣ್ಣವಿಲ್ಲ, ಅಲೆಯಿಲ್ಲ, ಏನೂ ಇಲ್ಲ.

"ಇದಕ್ಕೆ ಯಾರೂ ಪ್ರಶಸ್ತಿ ಕೊಡಲ್ಲ," ಎಂದಳು ಡಾರ್ಲೀನ್, ಕನ್ನಡಕ ಸರಿಪಡಿಸಿಕೊಳ್ಳುತ್ತಾ. "ಯಾರ ಮೇಲೆ ಪರೀಕ್ಷೆ ಮಾಡ್ತೀಯ?"

"ದ್ವೀಪಕ್ಕೇ ಹೋಗ್ತೀನಿ. ಮೊದಲು ನನ್ನ ಮೇಲೆ."

* * *

ಮಂಜುಗಡ್ಡೆಯನ್ನು ವರ್ಷಗಟ್ಟಲೆ ಬರೆದವಳು ಅದರ ಮೇಲೆ ಒಂದು ಚಕ್ರವನ್ನೂ ಉರುಳಿಸಿರಲಿಲ್ಲ. ಮರುದಿನ ಮುಂಜಾನೆಯೇ ಡುಲೂತ್ ಬಿಟ್ಟು ದಡ ಸೇರಿದಳು. ಆ ದಿನದ ಸಂದೇಶದಿಂದ ಚಿತ್ರ ತಿದ್ದಿ, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಲ್ಲಿಯವರು ಮಾಡುವ ಹಾಗೆ ಕಿಟಕಿಗಳನ್ನೆಲ್ಲ ಇಳಿಸಿ, ಬೆಲ್ಟ್ ಬಿಚ್ಚಿ ಕಾರನ್ನು ಮೆಲ್ಲಗೆ ಇಳಿಸಿದಳು. ಮಂಜುಗಡ್ಡೆ ಮುರಿದರೆ ಹೊರಗೆ ಹಾರಬೇಕಲ್ಲ.

ಚಕ್ರದ ಕೆಳಗೆ ಎಲ್ಲೋ ಆಳದಲ್ಲಿ ಮುಲುಗುವ ಸದ್ದು. ಮೊದಲ ಮರ ಬಂತು, ಹದಿನೈದು. ಎರಡನೆಯದು, ಹದಿನಾಲ್ಕು. ಸುತ್ತಲೂ ಕಣ್ಣು ಹಾಯುವಷ್ಟು ದೂರ ಯಾರೂ ಇರಲಿಲ್ಲ. ಒಣಗಿದ ಮರಗಳು ಮಾತ್ರ, ಒಂದೊಂದಕ್ಕೂ ಒಂದು ಮನೆಯ ಹೆಸರು. ಲಿಂಡ್‌ಕ್ವಿಸ್ಟ್ ಮರ ಬರುವ ಮೊದಲೇ ಗುರುತು ಹಿಡಿದು ಬಲಕ್ಕೆ ಬಳಸಿಕೊಂಡು ಹೋದಳು. ದ್ವೀಪ ತಲುಪಿ ಕಾರು ನಿಲ್ಲಿಸಿದಳು. ದಾರಿಯಲ್ಲಿ ಎಲ್ಲಿಯೂ ತಡಕಾಡಿರಲಿಲ್ಲ.

ಅಂಚೆ ಕಚೇರಿ ನೋಡಿಕೊಳ್ಳುತ್ತಿದ್ದ ಬರ್ನಡೆಟ್‌ಗೆ ಎಪ್ಪತ್ತರ ಮೇಲಾಗಿತ್ತು. ಹಾಳೆಯನ್ನು ಕೈಯಳತೆ ದೂರ ಹಿಡಿದು ನೋಡಿದಳು.

"ಎಲ್ಲಿ ತೆಳು ಇದೆ, ಹೇಳ್ತೀರಾ?"

"ಲಿಂಡ್‌ಕ್ವಿಸ್ಟ್ ಮರದ ಹತ್ರ. ಮರಾನೂ ಆ ಮನೆಯೋರ ಹಾಗೇ, ನಿಂತ ಕಡೆ ನೆಲ ಗಟ್ಟಿ ಇರಲ್ಲ," ಎಂದು ನಕ್ಕಳು. "ನನ್ನ ಮರದ ಹತ್ರ ಹದಿನೈದು. ಚಿತ್ರ ಬರೆದೋಳು ನೀನೇನಾ ತಾಯಿ? ಬರೆಯೋಕೆ ಏನೂ ಬರಲ್ವಾ ನಿಂಗೆ?"

ಐಲಿಗೆ ನಗು ಬಂತು. ಬಹಳ ದಿನಗಳ ಮೇಲೆ.

ಮಧ್ಯಾಹ್ನದವರೆಗೆ ಹತ್ತು ಜನ ನೋಡಿದರು. ಹತ್ತೂ ಜನ ಸರಿಯಾಗಿ ಹೇಳಿದರು, ಒಬ್ಬರೂ ಹೊಗಳಲಿಲ್ಲ. ಹನ್ನೊಂದನೆಯವನು ಬಾಗಿಲು ತೆಗೆದು, ಅವಳನ್ನು ಕಂಡು, ಹೊಸ್ತಿಲಲ್ಲೇ ನಿಂತ.

"ಬಾಗ್ಲು ಹಾಕೋ ಥಿಬೋ, ಚಳಿ ಬರುತ್ತೆ," ಎಂದು ಬರ್ನಡೆಟ್ ಗದರಿ, ಏನೋ ನೆನಪಾದವಳಂತೆ ಹಿಂದಿನ ಕೋಣೆಗೆ ಹೋದಳು.

ಐಲಿ ಹಾಳೆ ಚಾಚಿದಳು. ವೆಂಡೆಲ್ ನೋಡಿದ. ಮರಗಳ ಹೆಸರುಗಳ ಮೇಲೆ ಅವನ ಕಣ್ಣು ನಿಧಾನವಾಗಿ ಸರಿಯಿತು.

"ತಿಳೀತು," ಎಂದ. "ನೋಡ್ದ ತಕ್ಷಣ ತಿಳೀತು." ಸ್ವಲ್ಪ ತಡೆದು, "ಚೆನ್ನಾಗಿಲ್ಲ," ಎಂದ.

"ಗೊತ್ತು."

"ಆ ಹೂವು ನನ್ನ ಅಡುಗೆಮನೆ ಗೋಡೆ ಮೇಲಿದೆ. ಡಾರ್ಲೀನ್ ಹತ್ರ ಕೇಳಿ ತಗೊಂಡೆ. ಅದ್ರಲ್ಲಿ ಏನಿದೆ ಅಂತ ಇನ್ನೂ ತಿಳಿದಿಲ್ಲ. ಆದ್ರೆ ನೀನಿದೀಯ ಅಂತ ತಿಳಿಯುತ್ತೆ."

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು.

"ತಿಳೀಲಿಲ್ಲ ಅಂದಿದ್ರೆ ನೀನು ಇನ್ನೊಂದು ಚಿತ್ರಕ್ಕೆ ಅಂತ ಮತ್ತೆ ಆರು ವಾರ ನನ್ನ ಜೊತೆ ಮಾತಾಡ್ತಿದ್ದೆ," ಎಂದ ಅವನು. "ಅದು ಗೊತ್ತಿತ್ತು ನಂಗೆ. ಆದ್ರೂ ಏಳು ಹಾಕ್ದೆ. ಸುಳ್ಳು ಹೇಳೋಕೂ ಬರದ ದಡ್ಡ ನಾನು."

"ಇನ್ನೊಂದ್ಸಲ ಹೇಳ್ಬೇಡ."

"ಹೇಳಲ್ಲ."

"ನನಗೆ ನೋವಾಗುತ್ತೆ ಅಂತಾನೂ ಹೇಳ್ಬೇಡ. ಆಗ್ಲಿ. ನಿನ್ನಿಂದ ನೋವಾದ್ರೆ ತಡ್ಕೋತೀನಿ ವೆಂಡೆಲ್. ನೀನು ಮರೆಮಾಚಿದ್ರೆ ತಡ್ಕೊಳೋಕಾಗಲ್ಲ."

ಅವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದ.

"ಹಾಗಾದ್ರೆ ನಿಜ ಹೇಳ್ತೀನಿ. ನಿನ್ನ ಮೇಲೆ ಮನಸ್ಸಾಗಿದೆ, ಐಲಿ. ಮೈಲಿ ಲೆಕ್ಕ ಕಳಿಸೋವಾಗ ದಿನಾ ಕೆಳಗೆ ಏನೋ ಬರ್ದು ಬರ್ದು ಅಳಿಸ್ತಿದ್ದೆ."

"ನಾನು ದಿನಾ ಕೆಳಗೆ ಏನಾದ್ರೂ ಇದೆಯಾ ಅಂತ ನೋಡ್ತಿದ್ದೆ."

ಹೊರಗೆ ಶಾಲೆಯ ವ್ಯಾನು ಬಂದು ನಿಂತಿತು. ಹನ್ನೊಂದು ಮಕ್ಕಳು ಗದ್ದಲ ಮಾಡುತ್ತಾ ಇಳಿದು ಮನೆಮನೆಗೆ ಚದುರಿದರು. ಇಬ್ಬರೂ ಕಿಟಕಿಯಿಂದ ಕೊನೆಯ ಮಗು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಾ ನಿಂತರು.

"ನನ್ನ ಕೆಲಸಕ್ಕೆ ಒಂದು ಮೇಜು ಸಾಕು," ಎಂದಳು ಐಲಿ, ಹೊರಗೇ ನೋಡುತ್ತಾ. "ಅದು ಡುಲೂತ್‌ನಲ್ಲೇ ಇರ್ಬೇಕು ಅಂತೇನಿಲ್ಲ... ನಾನು ಇಲ್ಲಿಗೇ ಬಂದುಬಿಟ್ರೆ?"

ವೆಂಡೆಲ್ ಬಾಯಿ ತೆರೆದ. ಒಂದು ಕ್ಷಣ ಏನೋ ಸಿಹಿ ಮಾತು ಅಲ್ಲಿಗೆ ಬಂದು ನಿಂತದ್ದು ಅವಳಿಗೆ ಕಂಡಿತು. ಅವನು ಅದನ್ನು ನುಂಗಿದ.

"ಮಾರ್ಚ್ ಕೊನೇಲಿ ಮಂಜು ಒಡೆಯುತ್ತೆ. ಆಗ ಕಾರೂ ಹೋಗಲ್ಲ, ದೋಣೀನೂ ಹೋಗಲ್ಲ. ವಾರಗಟ್ಲೆ ಇಲ್ಲೇ ಸಿಕ್ಕಿಹಾಕ್ಕೊಳ್ತೀಯ. ಮನೆ ಚಿಕ್ಕದು, ಗಾಳಿ ಬಂದ್ರೆ ಕರೆಂಟ್ ಇರಲ್ಲ. ಬೆಳಿಗ್ಗೆ ನಾನು ಇರಲ್ಲ, ಮಂಜಿನ ಮೇಲಿರ್ತೀನಿ. ನಿಂಗೆ ಬೇಜಾರಾಗುತ್ತೆ ಐಲಿ. ತುಂಬಾ ಬೇಜಾರಾಗುತ್ತೆ."

ಅವಳು ಅವನ ಕಡೆ ತಿರುಗಿದಳು. ಯಾವ ಹೊಗಳಿಕೆಯೂ ಅವಳಿಗೆ ಇಷ್ಟು ಧೈರ್ಯ ಕೊಟ್ಟಿರಲಿಲ್ಲ. ಕೈ ಚಾಚಿ, ಟೋಪಿ ಹಿಂಡುತ್ತಿದ್ದ ಅವನ ಒರಟು ಬೆರಳುಗಳನ್ನು ಹಿಡಿದುಕೊಂಡಳು.

"ನನಗೆ ಬೇಜಾರಾಗುತ್ತೆ, ಸರಿ. ಮತ್ತೆ ನಿನಗೆ?"

"ನಂಗಾ?" ಎಂದ ವೆಂಡೆಲ್. "ನನ್ನ ಬೇಜಾರು ಹೋಗುತ್ತೆ."